ಶಾಲು ಹೊದಿಸುವ ಮೊದಲು

ಭಾನುವಾರ ಬೆಳಿಗ್ಗೆ 9 ಗಂಟೆಗೆ ಆರಾಧನೆ ಎಂದು ಚರ್ಚಿನ ಬೋರ್ಡಿನ ಮೇಲೆ ಬರೆದಿರುತ್ತದೆ. ಅದರ ಕೆಲಸ ಶುರುವಾಗುವುದು ಮಾತ್ರ ಶನಿವಾರ ಸಂಜೆಯೇ. ಯಾರೋ ಬಂದು ಬೀಗ ತೆಗೆದು ಕಿಟಕಿ ತೆರೆಯುತ್ತಾರೆ. ಇಬ್ಬರು ಕಸ ಗುಡಿಸಿ ಬೆಂಚುಗಳ ಧೂಳು ಒರೆಸುತ್ತಾರೆ. ಒಬ್ಬ ಅಕ್ಕ ಹೂವಿನ ಮಾರ್ಕೆಟ್ಟಿಗೆ ಹೋಗಿ ಬಂದು, ತಂದ ಹೂಗಳ ದಂಟಿನ ತುದಿ ಕತ್ತರಿಸಿ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನಿಲ್ಲಿಸುತ್ತಾರೆ. ಹಾಗೆ ಮಾಡದಿದ್ದರೆ ಪಾಸ್ಟರರ ಪ್ರಸಂಗ ಮುಗಿಯುವಷ್ಟರಲ್ಲಿ ಹೂ ಬಾಡಿರುತ್ತದೆ. ಕ್ವಾಯರಿನವರು ಒಂದೇ ಚರಣವನ್ನು ಐದನೆಯ ಸಲ ಹಾಡುತ್ತಿರುತ್ತಾರೆ. ಸೌಂಡ್ ನೋಡಿಕೊಳ್ಳುವ ಹುಡುಗ ಮೈಕಿನ ಬ್ಯಾಟರಿ ಬದಲಾಯಿಸುತ್ತಾನೆ. ಎಲ್ಲೋ ಒಂದು ಮನೆಯಲ್ಲಿ, ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಸಂಡೇ ಸ್ಕೂಲ್ ಟೀಚರ್ ಒಬ್ಬರು ಕುಕ್ಕರಿನ ಕೂಗು ಎಣಿಸುತ್ತಲೇ ಚಾರ್ಟ್ ಪೇಪರಿನಲ್ಲಿ ನೋಹನ ನಾವೆ ಕತ್ತರಿಸುತ್ತಿರುತ್ತಾರೆ.

ಸುಮಾರು 150 ಕುಟುಂಬಗಳ ಒಂದು ಸಭೆಯಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಜನರಲ್ಲಿ, ಇಂಥವರ ಪಟ್ಟಿ ಮಾಡಲು ಕೂತರೆ 35-40 ಹೆಸರು ಸಲೀಸಾಗಿ ಬರುತ್ತವೆ. ಸಂಬಳ ಇರುವುದು ಪಾಸ್ಟರಿಗೆ ಮತ್ತು ಹೆಚ್ಚೆಂದರೆ ಚರ್ಚ್ ಕಾಯುವ ಒಬ್ಬರಿಗೆ. ಉಳಿದವರೆಲ್ಲ ತಮ್ಮ ಕೆಲಸಕ್ಕೆ ಇಟ್ಟಿರುವ ಹೆಸರು ಸೇವೆ. ಪತ್ರಿಕೆಗಳಲ್ಲಿ ಸ್ವಯಂಸೇವಕರು ಎಂದು ಬರೆಯುತ್ತಾರೆ, ಚರ್ಚಿನಲ್ಲಿ ವಾಲಂಟಿಯರ್ಸ್ ಎನ್ನುತ್ತಾರೆ, ಅವರವರ ಮನೆಯಲ್ಲಿ ಮಾತ್ರ "ಚರ್ಚ್ ಕೆಲಸ ಅಂತ ಹೋಗಿದ್ದಾರೆ" ಎಂಬಷ್ಟೇ ಮಾತು.

ಕರ್ನಾಟಕದಲ್ಲಿ ಯಾರನ್ನಾದರೂ ಗೌರವಿಸಬೇಕೆಂದರೆ ನಮಗೆ ಮೊದಲು ಹೊಳೆಯುವುದು ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಫಲಕ, ಒಂದು ಫೋಟೋ. ಸಭೆಗಳೂ ಇದನ್ನೇ ಮಾಡುತ್ತವೆ. ಶಾಲಿನಲ್ಲಿ ತಪ್ಪೇನಿಲ್ಲ, ಅದನ್ನು ಮಡಚಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಆದರೆ ಸೇವೆ ಮಾಡುವವರನ್ನು ಪ್ರೀತಿಸುವ ಕೆಲಸದಲ್ಲಿ ಶಾಲು ಕೊನೆಯ ಹೆಜ್ಜೆ. ಅದಕ್ಕಿಂತ ಮೊದಲು ಇಡಬೇಕಾದ ಹೆಜ್ಜೆಗಳು ವೇದಿಕೆಯ ಮೇಲೆ ಕಾಣಿಸುವುದಿಲ್ಲ. ಅವರ ಕೈಯಿಂದ ಖರ್ಚಾದ ದುಡ್ಡು, ತಪ್ಪಿದ ತಿಂಡಿ, ಕೆಟ್ಟ ನಿದ್ದೆ, ಕೇಳಲು ಸಂಕೋಚಪಟ್ಟ ಒಂದು ತಿಂಗಳ ರಜೆ, ಇವನ್ನೆಲ್ಲ ನೋಡದೆ ಹೊದಿಸಿದ ಶಾಲು ಮೈಯನ್ನಷ್ಟೇ ಬೆಚ್ಚಗಿಡುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಭಕ್ತಿಯಿಂದಲೇ ಬರುತ್ತದೆ. ದೇವರಿಗಾಗಿ ಮಾಡುವ ಸೇವೆಗೆ ಮನುಷ್ಯರ ಮೆಚ್ಚುಗೆ ಯಾಕೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಬೈಬಲಿನ ಮತ್ತಾಯ 6ರಲ್ಲಿ ಇದೆಯಲ್ಲ. ಎಲ್ಲವನ್ನೂ ಮಾಡಿದ ಮೇಲೆ ನಾವು ಬರೀ ಆಳುಗಳು ಎನ್ನಬೇಕೆಂದು ಲೂಕ 17ರಲ್ಲಿ ಇದೆಯಲ್ಲ? ಎರಡೂ ನಿಜ. ಆದರೆ ಆ ಎರಡು ಮಾತುಗಳೂ ಸೇವೆ ಮಾಡುವವನು ತನಗೆ ತಾನೇ ಹೇಳಿಕೊಳ್ಳಬೇಕಾದವು. ಸಭಾಪಾಲಕರಾಗಲಿ ಕಮಿಟಿಯವರಾಗಲಿ ಅವನ್ನು ತೆಗೆದು ಇನ್ನೊಬ್ಬರ ಬೆನ್ನಿಗೆ ಹೇರುವಂತಿಲ್ಲ. ತಾನು ಆಳು ಎಂದುಕೊಳ್ಳುವುದು ದೀನತೆ, ಎದುರಿನವರನ್ನು ಆಳಿನಂತೆ ಕಾಣುವುದು ಅಹಂಕಾರ.

ಹೆಸರು ಹಿಡಿದು ಮೆಚ್ಚುವುದಕ್ಕೆ ಬೇಕಾದ ಮಾದರಿ ಯೇಸುವಿನ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿದೆ. ಬರೀ ಹೆಸರುಗಳು ಎಂದು ನಾವು ಬೇಗ ಬೇಗ ಓದಿ ದಾಟುವ ಅಧ್ಯಾಯ ಅದು. ಪೌಲನು ಅಲ್ಲಿ ಎಲ್ಲರಿಗೂ ವಂದನೆ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಹಾಗೆ ಮಾಡದೆ ಫೊಯಿಬೆಯಿಂದ ಹಿಡಿದು ಅನೇಕರ ಹೆಸರಿನ ಪಕ್ಕದಲ್ಲಿ ಅವರು ಏನು ಮಾಡಿದರು ಎಂಬುದನ್ನು ಇಡುತ್ತಾನೆ. ಫೊಯಿಬೆ ಅನೇಕರಿಗೂ ತನಗೂ ಸಹಾಯ ಮಾಡಿದವಳು. ಪ್ರಿಸ್ಕ ಮತ್ತು ಅಕ್ವಿಲ ತನಗಾಗಿ ಪ್ರಾಣವನ್ನೇ ಒಡ್ಡಿದವರು. ಪೆರ್ಸೀಸಳು ಬಹಳ ದುಡಿದವಳು. ರೂಫನ ತಾಯಿಯ ಹೆಸರು ಬರೆದಿಲ್ಲ, ಆದರೆ ಆಕೆ ತನಗೂ ತಾಯಿಯಾಗಿದ್ದಳು ಎಂದು ಬರೆದಿದ್ದಾನೆ. 22ನೆಯ ವಚನದಲ್ಲಿ, ಪತ್ರವನ್ನು ಕೈಯಾರೆ ಬರೆದುಕೊಂಡ ತೆರ್ತ್ಯನೂ ತನ್ನ ಹೆಸರಿನಲ್ಲೇ ವಂದನೆ ಹೇಳುತ್ತಾನೆ. ಇವತ್ತಿನ ಲೆಕ್ಕದಲ್ಲಿ ಅದು ಹಾಡಿನ ಸಾಲುಗಳನ್ನು ಪರದೆಯ ಮೇಲೆ ಹಾಕುವ ಹುಡುಗಿಯ ಹೆಸರನ್ನೂ ಬಿಡದೆ ಹೇಳಿದಂತೆ.

ಹಾಗಾದರೆ ಹೇಳುವುದು ಹೇಗೆ? ಕನ್ನಡದ ಮನೆಗಳಲ್ಲಿ ಅಮ್ಮನಿಗೆ ಯಾರೂ "ಧನ್ಯವಾದಗಳು" ಎನ್ನುವುದಿಲ್ಲ. "ಊಟ ಆಯ್ತಾ?", "ಸ್ವಲ್ಪ ಕೂತ್ಕೋ, ನಾನು ಮಾಡ್ತೀನಿ", "ಯಾಕೆ ಮುಖ ಬಾಡಿದೆ?", ನಮ್ಮ ಕೃತಜ್ಞತೆ ಇರುವುದು ಈ ಮಾತುಗಳಲ್ಲಿ. ಅದಕ್ಕೇ ಮೈಕಿನಿಂದ ಬರುವ "ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು" ಯಾರ ಹೃದಯಕ್ಕೂ ತಲುಪದು. ತಲುಪುವ ಮಾತಿನಲ್ಲಿ ಮೂರು ಸಂಗತಿ ಇರುತ್ತವೆ: ಅವರು ಮಾಡಿದ್ದೇನು, ಅದರಿಂದ ಯಾರಿಗೆ ಏನಾಯಿತು, ಅದಕ್ಕೆ ಅವರು ತೆತ್ತದ್ದೇನು. "ಹೋದ ಭಾನುವಾರ ಆ ಮಳೆಯಲ್ಲಿ ನೀವು ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ರಿ. ಆ ಅಜ್ಜಿ ಎರಡು ತಿಂಗಳಾದ ಮೇಲೆ ಚರ್ಚಿಗೆ ಬಂದಿದ್ದು, ಮೆಟ್ಟಿಲು ಹತ್ತೋಕೆ ಹೆದರ್ತಿದ್ರು, ನಿಮ್ಮ ಕೈ ಹಿಡ್ಕೊಂಡೇ ಒಳಗೆ ಬಂದ್ರು. ನೀವು ಪೂರ್ತಿ ನೆನೆದುಹೋಗಿದ್ರಿ, ನಾನು ನೋಡ್ದೆ." ಇಷ್ಟು ಸಾಕು. ಇದಕ್ಕೆ ವಿಶೇಷಣಗಳು ಬೇಡ. ನಿಮ್ಮಂಥವರು ಸಿಗುವುದಿಲ್ಲ, ನೀವಿಲ್ಲದಿದ್ದರೆ ಸಭೆಯೇ ನಡೆಯುವುದಿಲ್ಲ ಎಂಬ ಹೊಗಳಿಕೆ ಕೇಳಲು ಚೆನ್ನ, ಆದರೆ ಮುಂದೊಂದು ದಿನ ಅವರು ಬಿಡಬೇಕೆಂದಾಗ ಅದೇ ಮಾತು ಕಾಲಿಗೆ ಸರಪಳಿಯಾಗುತ್ತದೆ.

ಮಂಗಳವಾರದೊಳಗೆ ಹೇಳಿಬಿಡಬೇಕು. ಭಾನುವಾರ ಆದದ್ದನ್ನು ಮುಂದಿನ ಭಾನುವಾರ ಹೇಳಿದರೆ ಅರ್ಧ ಬಿಸಿ ಆರಿರುತ್ತದೆ. ಫೋನ್ ಮಾಡಬಹುದು, ಅವರೊಬ್ಬರಿಗೇ 40 ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಬಹುದು, ನಾಲ್ಕು ಸಾಲು ಕೈಬರಹದಲ್ಲಿ ಬರೆದು ಬೈಬಲಿನೊಳಗೆ ಇಡುವಂತೆ ಕೊಡಬಹುದು. ಬೆಂಗಳೂರಿನ ಸಭೆಗಳಲ್ಲಿ ಒಂದೇ ತಂಡದಲ್ಲಿ ಕನ್ನಡ, ತಮಿಳು, ತೆಲುಗು ಮನೆಮಾತಿನವರು ಇರುತ್ತಾರೆ. ಯಾರಿಂದಲಾದರೂ ಕೇಳಿ ಬರೆಸಿಕೊಂಡು ಅವರ ಮನೆಮಾತಿನಲ್ಲೇ ಒಂದು ಸಾಲು ಸೇರಿಸಿ. ಓದಲು ಬಾರದವರ ಮನೆಗೆ ಹೋಗಿ ಎದುರಿಗೆ ಕೂತು ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ "ಎಲ್ಲರಿಗೂ ಥ್ಯಾಂಕ್ಸ್" ಹಾಕಿ ಕೈಮುಗಿಯುವ ಚಿತ್ರ ಒತ್ತಿದರೆ, ಉಳಿದ ಮೂವತ್ತು ಜನ ಅದೇ ಚಿತ್ರ ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು.

ಇಷ್ಟನ್ನು ಹೇಳಲು ಮೊದಲು ನೋಡಿರಬೇಕು, ನೋಡಿದ್ದನ್ನು ನೆನಪಿಡಬೇಕು. ನೆನಪಿನ ಮೇಲೆ ಮಾತ್ರ ನಂಬಿಕೆ ಇಟ್ಟವರು ಸೋಲುವುದು ಇಲ್ಲೇ: ವೇದಿಕೆಯ ಹತ್ತಿರ ಇರುವವರು ನೆನಪಿನಲ್ಲಿ ಉಳಿಯುತ್ತಾರೆ, ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವರು ಜಾರಿಹೋಗುತ್ತಾರೆ. ಅದಕ್ಕೆ 200 ಪುಟದ ಒಂದು ಲಾಂಗ್ ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೂ ಎದುರುಬದುರಿನ ಎರಡು ಪುಟ. ಎಡಗಡೆ ಹೆಸರು, ಯಾವ ಸೇವೆ, ಯಾವ ವರ್ಷದಿಂದ, ಮನೆಯಲ್ಲಿ ಯಾರ್‍ಯಾರು, ಹುಟ್ಟುಹಬ್ಬ, ಮನೆಯಲ್ಲಿ ಯಾರಾದರೂ ತೀರಿಕೊಂಡ ದಿನ, ಮಕ್ಕಳ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ವರ್ಷ, ಸಕ್ಕರೆ ಕಾಯಿಲೆ ಇದೆಯೇ, ಮಾಂಸ ತಿನ್ನುತ್ತಾರೆಯೇ. ಬಲಗಡೆ ತಾರೀಖು ಹಾಕಿ ಒಂದೊಂದು ಸಾಲು: ಏನು ಕಂಡೆವು, ಯಾರು ಯಾವಾಗ ಮಾತಾಡಿಸಿದೆವು. ಆರು ವಾರದಿಂದ ಬಲಗಡೆ ಪುಟ ಖಾಲಿಯಿದ್ದರೆ ಈ ವಾರ ಮೊದಲು ಅವರಿಗೇ ಫೋನ್. ಪುಸ್ತಕ ಇಬ್ಬರ ಕೈಯಲ್ಲಿ ಮಾತ್ರ ಇರಬೇಕು, ಮತ್ತು ಪ್ರಾರ್ಥನೆಗೆಂದು ನಂಬಿ ಹೇಳಿಕೊಂಡ ಮನೆಯ ಸಂಕಟಗಳನ್ನು ಅದರಲ್ಲಿ ಬರೆಯಲೇಬಾರದು. ಒಬ್ಬ ಪಾಸ್ಟರು 40 ಜನರನ್ನು ಹೀಗೆ ನೋಡಿಕೊಳ್ಳಲಾರರು. ಮೋಶೆಗೆ ಅವನ ಮಾವ ಇತ್ರೋನನು ವಿಮೋಚನಕಾಂಡ 18ರಲ್ಲಿ ಹೇಳಿದ್ದೇ ಇದನ್ನು: ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ಇಡು. ಸೇವೆಯವರ ಕ್ಷೇಮ ನೋಡುವುದಕ್ಕೆ ಹತ್ತೇ ಸರಿಯಾದ ಅಳತೆ. ಒಬ್ಬ ಸಭಾಹಿರಿಯರಿಗೆ ಹತ್ತು ಜನ, ಅದಕ್ಕಿಂತ ಹೆಚ್ಚು ಬೇಡ.

ದುಡ್ಡಿನ ವಿಷಯ ಯಾರೂ ಎತ್ತುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಸಂಡೇ ಸ್ಕೂಲ್ ಎಂಬುದೇ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಶುರುಮಾಡಿದಾಗ ಪಾಠ ಹೇಳುವ ಹೆಂಗಸರಿಗೆ ಒಂದು ಭಾನುವಾರಕ್ಕೆ ಒಂದು ಶಿಲ್ಲಿಂಗ್ ಕೊಡುತ್ತಿದ್ದರು. ಸಂಬಳವಿಲ್ಲದೆ ಕಲಿಸುವ ಪದ್ಧತಿ ಬಂದದ್ದು ಆಮೇಲೆ. ಇವತ್ತು ನಮ್ಮ ಟೀಚರುಗಳು ಸಂಬಳ ಕೇಳುವುದಿಲ್ಲ, ಕೇಳಬೇಕೆಂದು ಅವರಿಗೆ ಅನ್ನಿಸುವುದೂ ಇಲ್ಲ. ಆದರೆ ಚಾರ್ಟ್ ಪೇಪರ್, ಫೆವಿಕಾಲ್, ಸ್ಕೆಚ್ ಪೆನ್, ಜೆರಾಕ್ಸ್, ಆಟೋ ಚಾರ್ಜ್, ಬಹುಮಾನಕ್ಕೆ ಚಾಕಲೇಟು, ಎಲ್ಲ ಅವರ ಪರ್ಸಿನಿಂದ ಹೋಗುತ್ತಿರುತ್ತದೆ. ಬಿಲ್ ಕೊಟ್ಟರೆ ದುಡ್ಡು ವಾಪಸ್ ಕೊಡುತ್ತೇವೆ ಎಂದು ಕಮಿಟಿ ಹೇಳಿರುತ್ತದೆ. 30 ರೂಪಾಯಿಯ ಬಿಲ್ ಹಿಡಿದುಕೊಂಡು ಖಜಾಂಚಿಯ ಮುಂದೆ ನಿಲ್ಲಲು ನಾಚಿಕೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಕೇಳುವಂತೆ ಮಾಡುವುದಕ್ಕಿಂತ ಮೊದಲೇ ಕೊಟ್ಟುಬಿಡುವುದು ಮೇಲು. ಪ್ರತಿ ಮೂರು ತಿಂಗಳಿಗೆ ಒಬ್ಬ ಟೀಚರಿಗೆ 300 ರೂಪಾಯಿ ಒಂದು ಕವರಿನಲ್ಲಿ ಮುಂಗಡ. ಕವರಿನ ಮೇಲೆಯೇ ಅವರು ಖರ್ಚು ಬರೆದುಕೊಳ್ಳಲಿ. 50 ರೂಪಾಯಿಯೊಳಗಿನದಕ್ಕೆ ಬಿಲ್ ಬೇಡ. ಹೆಚ್ಚು ಖರ್ಚಾಗಿದ್ದರೆ ಅದೇ ಭಾನುವಾರ ಆರಾಧನೆ ಮುಗಿದ ಕೂಡಲೇ ಕೈಗೆ ಕೊಡಬೇಕು, ಮುಂದಿನ ಕಮಿಟಿ ಮೀಟಿಂಗ್‌ವರೆಗೆ ತಳ್ಳಬಾರದು.

ಇದು ಪಾಸ್ಟರರ ಜೇಬಿನಿಂದ ಆಗುವ ದಾನವಾಗಬಾರದು. ವಾರ್ಷಿಕ ಮಹಾಸಭೆಯಲ್ಲಿ ಬಜೆಟ್ ಮಂಡಿಸುವಾಗ ಸೇವೆಯವರ ಕ್ಷೇಮ ಎಂದೇ ಒಂದು ಸಾಲು ಇರಲಿ. 40 ಜನಕ್ಕೆ ತಲಾ 600 ರೂಪಾಯಿ ಎಂದರೆ ವರ್ಷಕ್ಕೆ 24,000. ವರ್ಷಕ್ಕೊಂದು ಊಟ, ಚಿಕ್ಕ ಉಡುಗೊರೆ, ಕಾಯಿಲೆಯಾದಾಗ ಹಣ್ಣು ಹಿಡಿದು ನೋಡಲು ಹೋಗುವ ಖರ್ಚು ಇದರಲ್ಲಿ ಆಗುತ್ತದೆ. ಪೇಂಟಿಂಗಿಗೂ ಪೆಂಡಾಲಿಗೂ ಸಾಲು ಇರುವ ಬಜೆಟ್ಟಿನಲ್ಲಿ ಮನುಷ್ಯರಿಗೂ ಒಂದು ಸಾಲು ಇರಬೇಕು.

ಉಡುಗೊರೆಯ ಬಗ್ಗೆ ಒಂದೇ ಮಾತು. ಸ್ಟೀಲ್ ಡಬ್ಬಿ ಕೊಡುವುದಾದರೆ ಅದರ ಮೇಲೆ ಸಭೆಯ ಹೆಸರನ್ನಲ್ಲ, ತೆಗೆದುಕೊಳ್ಳುವವರ ಹೆಸರನ್ನು ಕೆತ್ತಿಸಿ. ಪಾತ್ರೆ ಅಂಗಡಿಯಲ್ಲೇ ಕೆತ್ತಿಕೊಡುತ್ತಾರೆ. ಹೆಸರು ಬರೆದುಕೊಟ್ಟ ಚೀಟಿಯಲ್ಲಿ ಕಾಗುಣಿತ ಎರಡು ಸಲ ನೋಡಿ. ಸಕ್ಕರೆ ಕಾಯಿಲೆಯವರಿಗೆ ಸ್ವೀಟ್ ಬಾಕ್ಸ್ ಹೋಗದಂತೆ ನೋಟ್‌ಬುಕ್ಕಿನ ಎಡಪುಟ ನೋಡಿಕೊಳ್ಳಿ.

ಊಟದ ವಿಷಯಕ್ಕೆ ಬಂದರೆ, ವರ್ಷಕ್ಕೊಮ್ಮೆಯ ಔತಣಕ್ಕಿಂತ ಪ್ರತಿ ಭಾನುವಾರದ ಬೆಳಗಿನ ತಿಂಡಿ ದೊಡ್ಡದು. 7 ಗಂಟೆಗೆ ಬಂದು ಸೌಂಡ್ ಪರೀಕ್ಷಿಸುವವರು, ಪ್ರಾಕ್ಟೀಸ್ ಮಾಡುವವರು ಮನೆಗೆ ಹೋಗುವುದು ಮಧ್ಯಾಹ್ನ 1ಕ್ಕೆ. ಆರು ತಾಸು ಬರೀ ಹೊಟ್ಟೆ. ಅವರ ಜೊತೆ ಬಂದ ಚಿಕ್ಕ ಮಕ್ಕಳದ್ದೂ ಅದೇ ಪಾಡು. ಹತ್ತಿರದ ಹೋಟೆಲಿನಿಂದ ತಲಾ ಎರಡು ಇಡ್ಲಿ, ಒಂದು ಫ್ಲಾಸ್ಕ್ ಕಾಫಿ 7.30ಕ್ಕೆ ಚರ್ಚಿನ ಪಕ್ಕದ ಕೋಣೆಯಾದ ವೆಸ್ಟ್ರಿಯ ಮೇಜಿನ ಮೇಲೆ ಇರಲಿ. ಮಕ್ಕಳ ಲೆಕ್ಕ ಸೇರಿಸಿಯೇ ತರಿಸಿ. ಪ್ರವಾದಿ ಎಲೀಯನು ಸಾಯಬೇಕೆಂದು ಅರಣ್ಯದಲ್ಲಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಮೊದಲು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಒಂದನೆಯ ಅರಸುಗಳ 19ರಲ್ಲಿ ಇದು ನಡೆದ ಕ್ರಮವೇ ನಮಗೆ ಪಾಠ.

ಔತಣ ಕೆಡುವುದು ಒಂದೇ ಕಾರಣಕ್ಕೆ: ಯಾರಿಗಾಗಿ ಔತಣವೋ ಅವರೇ ಅದನ್ನು ಮಾಡುತ್ತಾರೆ. ಸ್ತ್ರೀಸಮಾಜದವರು ಈರುಳ್ಳಿ ಹೆಚ್ಚಿ, ಯೂತ್‌ನವರು ಕುರ್ಚಿ ಹಾಕಿ, ಕೊನೆಯಲ್ಲಿ ಅವರೇ ಪಾತ್ರೆ ತೊಳೆದು ಹತ್ತು ಗಂಟೆಗೆ ಮನೆಗೆ ಹೋಗುತ್ತಾರೆ. ಆ ದಿನ ಕಮಿಟಿಯವರು, ಸಭಾಹಿರಿಯರು, ಪಾಸ್ಟರು ಬಡಿಸಬೇಕು ಮತ್ತು ಎಲೆ ಎತ್ತಬೇಕು. ಅಡುಗೆ ಹೊರಗಿನ ಭಟ್ಟರದ್ದು. 40 ಜನಕ್ಕೆ ಕೋಳಿ ಬಿರಿಯಾನಿಯಾದರೆ 5 ಕೆಜಿ ಅಕ್ಕಿ, 6 ಕೆಜಿ ಕೋಳಿ, ರಾಯ್ತಕ್ಕೆ 3 ಲೀಟರ್ ಮೊಸರು ಸಾಕಾಗುತ್ತದೆ. ಮಾಂಸ ತಿನ್ನದವರಿಗೆ ಒಂದು ಕೆಜಿ ಅಕ್ಕಿಯ ಪಲಾವ್ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ. ಹುಬ್ಬಳ್ಳಿ-ಧಾರವಾಡದ ಕಡೆಯಾದರೆ ಜೋಳದ ರೊಟ್ಟಿ, ಎಣ್ಣೆಗಾಯಿಗೆ ಇದಕ್ಕಿಂತ ಹೆಚ್ಚು ಸಂತೋಷ. ಕುಟುಂಬದವರನ್ನೂ ಕರೆಯುವುದಾದರೆ, ಕರೆಯಲೇಬೇಕು, ಅಳತೆಯನ್ನು ಮೂರು ಪಟ್ಟು ಮಾಡಿ. ಭಾಷಣ ಬೇಡ. ಎಲ್ಲರೂ ಕೂತ ಮೇಲೆ ಒಂದು ಪ್ರಾರ್ಥನೆ, ಆಮೇಲೆ ಊಟ.

ಹೆಸರು ಓದುವ ಸಂದರ್ಭ ಬಂದರೆ ಅತ್ಯಂತ ಜಾಗರೂಕತೆ ಬೇಕು. 39 ಹೆಸರು ಓದಿ ಒಂದನ್ನು ಬಿಟ್ಟರೆ, ಯಾವ ಹೆಸರನ್ನೂ ಓದದೆ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ಆ ಒಬ್ಬರು ಏನೂ ಹೇಳುವುದಿಲ್ಲ, ಮುಂದಿನ ತಿಂಗಳಿಂದ ನಿಧಾನವಾಗಿ ಬರುವುದನ್ನು ಕಡಿಮೆ ಮಾಡುತ್ತಾರೆ. ಪಟ್ಟಿಯನ್ನು ಮೂವರು ಬೇರೆಬೇರೆಯಾಗಿ ಬರೆಯಬೇಕು: ಒಬ್ಬರು ಪಾಸ್ಟರು, ಒಬ್ಬರು ಮಹಿಳೆ, ಒಬ್ಬರು 25ರ ಒಳಗಿನವರು. ಮೂರನ್ನೂ ಜೋಡಿಸಿದಾಗ ಒಬ್ಬರ ಕಣ್ಣಿಗೆ ಬಿದ್ದವರು ಇನ್ನೊಬ್ಬರಿಗೆ ಕಂಡೇ ಇಲ್ಲ ಎಂಬುದು ಗೊತ್ತಾಗುತ್ತದೆ. ಶೌಚಾಲಯ ತೊಳೆಯುವವರು, ಜನರೇಟರಿಗೆ ಡೀಸೆಲ್ ತರುವವರು, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಚಿಕ್ಕ ಲೋಟಗಳನ್ನು ತೊಳೆದು ಒರೆಸಿ ಇಡುವವರು, ಆಸ್ಪತ್ರೆಗೆ ಹೋಗಿ ರೋಗಿಗಳ ಪಕ್ಕ ಕೂರುವವರು ಸಾಮಾನ್ಯವಾಗಿ ಬಿಟ್ಟುಹೋಗುವ ಹೆಸರುಗಳು.

ಇದರ ಹಿಂದೆ ಇನ್ನೂ ಗಂಭೀರವಾದದ್ದೊಂದು ಇದೆ. ಮೈಕು, ಶಾಲು ಗಂಡಸರಿಗೆ, ಒಲೆ, ಪೊರಕೆ ಹೆಂಗಸರಿಗೆ ಎಂಬ ಹಂಚಿಕೆ ಯಾರೂ ತೀರ್ಮಾನಿಸದೆ ನಡೆದುಬಂದಿರುತ್ತದೆ. ಕಸ ಗುಡಿಸುವುದು ವರ್ಷಗಟ್ಟಲೆ ಒಂದೇ ಓಣಿಯ ಮನೆಗಳ ಪಾಲಿಗೆ ಬರುತ್ತಿದ್ದರೆ, ಜಾತಿಯನ್ನು ಹೊರಗೆ ಬಿಟ್ಟು ಬಂದಿದ್ದೇವೆ ಎಂದು ಹೇಳಿಕೊಳ್ಳುವ ಸಭೆ ಅಲ್ಲಿ ನಿಂತು ಯೋಚಿಸಬೇಕು. ಅಂಥವರಿಗೆ ಹೇಳುವ ಯಾವ ಧನ್ಯವಾದವೂ ಪೊರಕೆಯನ್ನು ಸರದಿಯ ಪ್ರಕಾರ ಎಲ್ಲರೂ ಹಿಡಿಯುವುದಕ್ಕೆ ಸಮವಲ್ಲ. ದಾವೀದನ ಜೊತೆಗಿದ್ದ 600 ಜನರಲ್ಲಿ 200 ಮಂದಿ ದಣಿದು ಬೆಸೋರ್ ಹಳ್ಳದ ಬಳಿ ಸಾಮಾನು ಕಾಯುತ್ತ ಉಳಿದರು. ಗೆದ್ದು ಬಂದವರಲ್ಲಿ ಕೆಲವರು ಅವರಿಗೆ ಪಾಲು ಕೊಡುವುದಿಲ್ಲ ಎಂದಾಗ, ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ದಾವೀದನು ಕಟ್ಟಳೆ ಮಾಡಿದ. ಒಂದನೆಯ ಸಮುವೇಲ 30ರ ಈ ಕಟ್ಟಳೆ ಚರ್ಚಿನ ಅಡುಗೆಮನೆಯ ಗೋಡೆಗೆ ಹಾಕಬೇಕಾದದ್ದು.

ಮೆಚ್ಚುಗೆ ಮತ್ತು ಬೇಡಿಕೆ ಒಂದೇ ಉಸಿರಿನಲ್ಲಿ ಬರಬಾರದು. "ನೀವು ಎಷ್ಟು ಚೆನ್ನಾಗಿ ಪಾಠ ಮಾಡ್ತೀರಿ ಸಿಸ್ಟರ್, ಜೂನಿಯರ್ ಕ್ಲಾಸೂ ನೀವೇ ನೋಡ್ಕೊಂಡುಬಿಡಿ" ಎಂದಾಗ ಮೊದಲ ಅರ್ಧ ಎರಡನೆಯ ಅರ್ಧಕ್ಕೆ ಹಾಕಿದ ಗಾಳದಂತೆ ಕೇಳಿಸುತ್ತದೆ. ಎರಡು ಸಲ ಹೀಗಾದರೆ, ಮೂರನೆಯ ಸಲ ನೀವು ಬರೀ ಹೊಗಳಲು ಹತ್ತಿರ ಹೋದರೂ ಅವರು ಹಿಂದೆ ಸರಿಯುತ್ತಾರೆ. ಮೆಚ್ಚಿದ ದಿನಕ್ಕೂ ಹೊಸ ಕೆಲಸ ಕೇಳುವ ದಿನಕ್ಕೂ ಕನಿಷ್ಠ ಎರಡು ವಾರ ಅಂತರವಿರಲಿ. ಹಾಗೆಯೇ ರಾತ್ರಿ 9ರ ನಂತರ ಮತ್ತು ಸೋಮವಾರ ಪೂರ್ತಿ ಸೇವೆಗೆ ಸಂಬಂಧಿಸಿದ ಮೆಸೇಜ್ ಬೇಡ. ಬೆಳಿಗ್ಗೆ 5ಕ್ಕೆ ಎದ್ದು ಡಬ್ಬಿ ಕಟ್ಟಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿಗೆ ಇದೇ ದೊಡ್ಡ ಗೌರವ.

ಯಾವಾಗ ಎಂಬುದೂ ಮುಖ್ಯ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ ಎಂದು ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿತು. ಸಭೆಗಳಿಗೆ ಆ ತಾರೀಖು ಹೊಂದುವುದೇ ಇಲ್ಲ. ಅಷ್ಟು ಹೊತ್ತಿಗೆ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹೇಳುವ ಕ್ಯಾರಲ್ ರೌಂಡ್ಸ್ ಶುರುವಾಗಿರುತ್ತದೆ, ಕ್ರಿಬ್ ಎಂಬ ಗೋದಲಿ ಕಟ್ಟುವ ಹುಲ್ಲು ಬಂದಿರುತ್ತದೆ, ಮಕ್ಕಳ ನಾಟಕದ ಕುರುಬರಿಗೆ ಬಟ್ಟೆ ಹುಡುಕುತ್ತಿರುತ್ತಾರೆ. ಆಗ ಕಾರ್ಯಕ್ರಮ ಇಟ್ಟರೆ ಅದೂ ಒಂದು ಕೆಲಸವಾಗುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆ, ಹೊಸ ವರ್ಷದ ಮೊದಲ ಭಾನುವಾರ ಎರಡೂ ಮುಗಿದು, ಜನವರಿಯ ಎರಡನೆಯ ಶನಿವಾರ ಬಂದಾಗ ಎಲ್ಲರ ಗಂಟಲೂ ಕಟ್ಟಿರುತ್ತದೆ, ಬೆನ್ನೂ ನೋಯುತ್ತಿರುತ್ತದೆ. ಔತಣಕ್ಕೆ ಅದು ಸರಿಯಾದ ದಿನ. ಕರಾವಳಿಯ ಕಥೋಲಿಕ ಧರ್ಮಕೇಂದ್ರಗಳಲ್ಲಿ ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನೊವೇನಾ ಪ್ರಾರ್ಥನೆ, ಆಮೇಲೆ ತೆನೆ ಮತ್ತು ಕಬ್ಬು ಹಂಚುವ ಕೆಲಸ; ಅಲ್ಲಿ ಸೆಪ್ಟೆಂಬರಿನ ಮೂರನೆಯ ವಾರ ಒಳ್ಳೆಯದು. ಈಸ್ಟರಿಗೆ ಮೊದಲು ಬರುವ ಶ್ರಮೆಯ ಕಾಲದ 40 ದಿನಗಳಲ್ಲಂತೂ ಮಾಂಸದೂಟ ಇಡಬೇಡಿ.

ಬೇಸಿಗೆಯ ವಿಬಿಎಸ್ (ರಜೆಯಲ್ಲಿ ಮಕ್ಕಳಿಗೆ ನಡೆಸುವ ವೆಕೇಷನ್ ಬೈಬಲ್ ಸ್ಕೂಲ್) ಬೇರೆಯೇ ಮಾತು. ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಳಿಗ್ಗೆ 9ರಿಂದ 12.30ರವರೆಗೆ ನೂರು ಮಕ್ಕಳ ಜೊತೆ ಕುಣಿದು, ಕೂಗಿ, ಕತೆ ಹೇಳಿ, ಅಂಟು ಮೆತ್ತಿದ ಕೈಗಳನ್ನು ತೊಳೆಸಿದವರಿಗೆ ಸಂಜೆಗೆ ದನಿಯೇ ಇರುವುದಿಲ್ಲ. ಇಲ್ಲಿ ಪ್ರೀತಿ ಎಂದರೆ ಮೂರು ಏರ್ಪಾಡು. ಪ್ರತಿ ತರಗತಿಗೂ ಇಬ್ಬರು ದೊಡ್ಡವರು, ಒಬ್ಬರನ್ನೇ ಮಕ್ಕಳೊಡನೆ ಬಿಡುವಂತಿಲ್ಲ. ಇದು ಮಗುವಿನ ರಕ್ಷಣೆಗೆ, ಟೀಚರಿನ ರಕ್ಷಣೆಗೂ. ಹತ್ತು ಟೀಚರಿದ್ದರೆ ಕೈ ಖಾಲಿ ಇರುವ ಇಬ್ಬರು ಹೆಚ್ಚುವರಿ, ಯಾರಾದರೂ ಕುಸಿದರೆ ನಿಲ್ಲಲು. ಮಕ್ಕಳ ಬನ್ನು-ಮಜ್ಜಿಗೆಯ ಜೊತೆ ಟೀಚರುಗಳಿಗೆ ಬೇರೆಯಾಗಿ ಊಟ, ಮಕ್ಕಳು ಮಿಗಿಸಿದ್ದಲ್ಲ. ಮುಕ್ತಾಯದ ದಿನ ಮಕ್ಕಳಿಗೆ ಬಹುಮಾನ ಹಂಚಿ, ಫೋಟೋ ತೆಗೆದು ಎಲ್ಲರೂ ಹೋದ ಮೇಲೆ ಗೋಡೆಯ ಚಾರ್ಟುಗಳನ್ನು ಕೀಳಲು ಉಳಿಯುವವರು ಅದೇ ಟೀಚರುಗಳು. ಕೀಳಲು, ಗುಡಿಸಲು ಆ ದಿನಕ್ಕೆಂದೇ ಬೇರೆ ಆರು ಜನರನ್ನು ಮೊದಲೇ ಗೊತ್ತುಮಾಡಿ ಇಟ್ಟಿರಿ. ಅದರ ಮುಂದಿನ ಭಾನುವಾರ ಸಂಡೇ ಸ್ಕೂಲಿಗೆ ರಜೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಕ್ಯಾರಲ್ ರೌಂಡ್ಸ್ ರಾತ್ರಿ ಒಂದಕ್ಕೆ ಮುಗಿದರೆ, ಕ್ವಾಯರ್ ಪ್ರಾಕ್ಟೀಸ್ ಒಂಬತ್ತಕ್ಕೆ ಮುಗಿದರೆ, ಹೆಣ್ಣುಮಕ್ಕಳು ಮನೆಗೆ ಹೋಗುವುದು ಹೇಗೆ ಎಂಬುದನ್ನು ಹಾಡು ಆರಿಸುವ ಮೊದಲೇ ತೀರ್ಮಾನಿಸಬೇಕು. ಯಾವ ಗಾಡಿ, ಯಾರು ಓಡಿಸುತ್ತಾರೆ, ಯಾರ ಮನೆ ಕೊನೆಯದು, ತಲುಪಿದ ಮೇಲೆ ಯಾರಿಗೆ ಫೋನ್. ತಂದೆತಾಯಿಗೆ ಆ ಚೀಟಿ ಮೊದಲೇ ಸಿಕ್ಕಿರಬೇಕು.

ಮನೆಯವರ ವಿಷಯದಲ್ಲಿ ಸೂಕ್ಷ್ಮವೊಂದಿದೆ. ಒಬ್ಬರು ಸೇವೆಗೆ ಬರುತ್ತಾರೆಂದರೆ ಮನೆಯಲ್ಲಿ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುತ್ತಿರುತ್ತಾರೆ, ಅತ್ತೆಗೆ ಮಾತ್ರೆ ಕೊಡುತ್ತಿರುತ್ತಾರೆ, ಭಾನುವಾರದ ಊಟಕ್ಕೆ ಕಾಯುತ್ತಿರುತ್ತಾರೆ. ವರ್ಷಕ್ಕೊಂದು ಪತ್ರ ಅವರ ಹೆಸರಿಗೇ ಹೋಗಲಿ. ಆದರೆ ನಮ್ಮ ಸಭೆಗಳಲ್ಲಿ ಮನೆಯವರು ಬೇರೆ ಧರ್ಮದವರಾಗಿದ್ದು ತಾವೊಬ್ಬರೇ ಬರುವವರೂ ಇದ್ದಾರೆ. ಅವರ ಮನೆಗೆ ಚರ್ಚಿನ ಹೆಸರಿರುವ ಪತ್ರ ಬಂದರೆ, ಫೇಸ್‌ಬುಕ್ಕಿನಲ್ಲಿ ಅವರ ಫೋಟೋ ಹಾಕಿದರೆ ಜಗಳವೇ ಆಗಬಹುದು. ಕೇಳದೆ ಏನನ್ನೂ ಕಳಿಸಬೇಡಿ, ಹಾಕಬೇಡಿ. ಅಂಥವರ ಕೈ ಹಿಡಿದು ಹೇಳುವ ಎರಡು ಮಾತು ಅವರಿಗೆ ಸಾಕು.

ತಿದ್ದುವುದೂ ಪ್ರೀತಿಯ ಕೆಲಸವೇ. ಪಿಚ್ ತಪ್ಪುವವರಿಗೆ, ಮಕ್ಕಳ ಮೇಲೆ ರೇಗುವವರಿಗೆ ಏನೂ ಹೇಳದೆ ಅವರ ಬೆನ್ನ ಹಿಂದೆ ಕೆಲಸವನ್ನು ಇನ್ನೊಬ್ಬರಿಗೆ ಕೊಡುವುದು ಕ್ರೂರ. ಒಬ್ಬರೇ ಇದ್ದಾಗ, ಒಂದೇ ವಿಷಯ, ಕಲಿಸುವ ದಾರಿಯ ಸಮೇತ ಹೇಳಬೇಕು.

ಇನ್ನು ಬಿಡುವು. ಅರಣ್ಯಕಾಂಡ 8ರಲ್ಲಿ, ದೇವರ ಸೇವೆಗೆಂದೇ ನೇಮಕವಾದ ಕುಲದವರಾದ ಲೇವಿಯರಿಗೆ 25ನೆಯ ವರ್ಷದಿಂದ 50ರವರೆಗೆ ಆರಾಧನೆಯ ಗುಡಾರದ ಸೇವೆ. 50 ಆದ ಮೇಲೆ ಭಾರದ ಕೆಲಸ ನಿಲ್ಲಬೇಕು, ಬೇಕಾದರೆ ಸಹೋದರರಿಗೆ ನೆರವಾಗಬಹುದು. ದೇವರ ಕೆಲಸಕ್ಕೆ ದೇವರೇ ಕೊನೆಯ ದಿನವನ್ನು ಗೊತ್ತುಮಾಡಿದ್ದಾನೆ. ನಮ್ಮಲ್ಲಿ ಸೇವೆಗೆ ಸೇರುವ ದಿನವಿದೆ, ಬಿಡುವ ದಿನವಿಲ್ಲ. ಬಿಡಬೇಕೆಂದವರು ಕೊನೆಗೆ ಬೇಸರ ಮಾಡಿಕೊಂಡೇ ಬಿಡಬೇಕಾಗುತ್ತದೆ, ಆಮೇಲೆ ಅವರು ನಂಬಿಕೆಯಲ್ಲಿ ಹಿಂಜಾರಿದ್ದಾರೆ ಎಂಬ ಮಾತು ಬೇರೆ. ಆದ್ದರಿಂದ ಜವಾಬ್ದಾರಿ ಕೊಡುವಾಗಲೇ ಜೂನ್‌ನಿಂದ ಮಾರ್ಚ್ ಎಂದು ಅವಧಿ ಹೇಳಿ. ಫೆಬ್ರವರಿಯಲ್ಲಿ ಕೂರಿಸಿಕೊಂಡು ಮುಂದುವರಿಯುತ್ತೀರಾ, ಬೇರೆ ಸೇವೆಗೆ ಹೋಗುತ್ತೀರಾ, ಒಂದು ವರ್ಷ ಬರೀ ಆರಾಧನೆಗೆ ಬಂದು ಕೂರುತ್ತೀರಾ ಎಂದು ಕೇಳಿ. ಮೂರನೆಯದನ್ನೂ ಮೊದಲ ಎರಡರಷ್ಟೇ ಸಹಜವಾಗಿ ಕೇಳಬೇಕು. "ಇದು ನಿಮಗಿರೋ ಕರೆ, ಬಿಡಬಾರದು" ಎಂಬ ಮಾತನ್ನು ಆ ಹೊತ್ತಿಗೆ ತರಬೇಡಿ.

ಇಪ್ಪತ್ತು ವರ್ಷ ಪಾಠ ಮಾಡಿದ ಟೀಚರ್ ಬಿಡುವಾಗ ಶಾಲು ಖಂಡಿತ ಇರಲಿ. ಅದರ ಜೊತೆ ಅವರ ಹಳೆಯ ವಿದ್ಯಾರ್ಥಿಗಳನ್ನು ಎರಡು ತಿಂಗಳು ಮೊದಲೇ ಹುಡುಕಿ. ಕೆಲವರು ದುಬೈಯಲ್ಲಿರುತ್ತಾರೆ, ಕೆಲವರು ಪಕ್ಕದ ಬೀದಿಯಲ್ಲೇ ಇದ್ದು ಚರ್ಚಿಗೆ ಬರುವುದನ್ನು ಬಿಟ್ಟಿರುತ್ತಾರೆ, ಅವರನ್ನೂ ಕೇಳಿ. ಒಬ್ಬೊಬ್ಬರೂ ತಮಗೆ ನೆನಪಿರುವ ಒಂದೇ ಒಂದು ಪಾಠ ಅಥವಾ ಒಂದು ಹಾಡನ್ನು ಕೈಬರಹದಲ್ಲಿ ಬರೆದು ಕಳಿಸಲಿ. ಎಲ್ಲವನ್ನೂ ದಾರದಲ್ಲಿ ಹೊಲಿಸಿ ಒಂದು ಪುಸ್ತಕ ಮಾಡಿ. ಹಾಜರಿ ಪುಸ್ತಕವನ್ನೂ ಬೀರುವಿನ ಬೀಗದ ಕೈಯನ್ನೂ ಅವರೇ ತಮ್ಮ ಕೈಯಿಂದ ಹೊಸ ಟೀಚರಿಗೆ ಕೊಡಲಿ, ಇಬ್ಬರ ಮೇಲೂ ಕೈಯಿಟ್ಟು ಮಕ್ಕಳೇ ಪ್ರಾರ್ಥಿಸಲಿ.

ಬಿಟ್ಟ ಮೇಲಿನ ಮೊದಲ ಭಾನುವಾರ ಅವರಿಗೆ ಕಷ್ಟ. ಎಂಟು ಗಂಟೆಗೆ ಹೊರಡುವ ಅಭ್ಯಾಸ, ಹೋಗಬೇಕಾದ ತರಗತಿ ಇಲ್ಲ, ಎಲ್ಲಿ ಕೂರಬೇಕೆಂದು ಗೊತ್ತಾಗುವುದಿಲ್ಲ. ಅವತ್ತು ಯಾರಾದರೂ ಒಬ್ಬರು ಗೇಟಿನ ಹತ್ತಿರ ಕಾದಿದ್ದು, "ಬನ್ನಿ ಆಂಟಿ, ಇವತ್ತು ನಮ್ಮ ಬೆಂಚಲ್ಲಿ ಕೂತ್ಕೊಳ್ಳಿ" ಎಂದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.